ಹುಟ್ಟಿದ ಸ್ಥಳ: ಕಿ.ಮೀ. 171/4

ನೆಮ್ಮದಿ ಕೇಂದ್ರದ ಹುಡುಗಿ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾದಳು.
ಹುಟ್ಟಿದ ಸ್ಥಳ?
ಅಂಬಟೆಮಾರು ಹಾಲ್ಟ್, ಅಂದೆ.
ಪಟ್ಟಿಯಲ್ಲಿ ಇಲ್ಲ, ಹತ್ತಿರದ್ದು ಯಾವುದಾದರೂ ಹೇಳಿ.
ಹತ್ತಿರದ್ದು ಒಂದು ಕಲ್ಲು,
ಅದರ ಮೇಲೆ ನೂರೆಪ್ಪತ್ತೊಂದು ಬಾರ್ ನಾಲ್ಕು.
ಅವಳು ನಗಲಿಲ್ಲ. ಮಂಗಳೂರು ಎಂದು ಒತ್ತಿದಳು.
ನಾನೂ ಹೂಂ ಅಂದೆ, ಹಿಂದೆ ಸಾಲಿತ್ತು.

ರೈಲಿಗಿಂತ ಆರು ವರ್ಷ ಮೊದಲು ಬಂದದ್ದು ಗುದ್ದಲಿ.
ಜೋಲಾರ್‌ಪೇಟೆ ಕಡೆಯ ಇಪ್ಪತ್ತೆರಡು ಗಂಡಸರು
ಮುರಕಲ್ಲಿನ ಗುಡ್ಡವನ್ನು ಬೆಲ್ಲದಚ್ಚಿನಂತೆ ಕಡಿದು
ನಡುವೆ ಮೀಟರ್ ಗೇಜಿನಷ್ಟು ದಾರಿ ಬಿಡಿಸಿದರು.
ಆಟಿಯ ಒಂದು ಸಂಜೆ ಗುಡ್ಡ
ಕೊಟ್ಟದ್ದನ್ನು ವಾಪಸು ಕೇಳಿತು.
ಚಿನ್ನತಂಬಿಯೂ, ಹೆಸರು ಬರೆಸದ ಇನ್ನೊಬ್ಬನೂ
ಕೆಸರಿನೊಳಗೆ.
ಮಸ್ಟರ್ ರೋಲಿನಲ್ಲಿ ಅವರಿಗೆ ಆ ದಿನದ ಅರ್ಧ ಕೂಲಿ.

ಆಮೇಲೆ ಹನ್ನೊಂದು ಕ್ವಾರ್ಟರ್ಸ್, ಏಳನೆಯದರಲ್ಲಿ ನಾನು.
ಒಳಗೆ ತಮಿಳು, ಅಂಗಳ ದಾಟಿದರೆ ತುಳು,
ಚೀಲದಲ್ಲಿ ಕನ್ನಡ.
ಕೀಮನ್ ಮುನಿರತ್ನಂ ನನ್ನಪ್ಪ. ಬೆಳಗಾಗುತ್ತಲೇ
ಸುತ್ತಿಗೆ ಹೆಗಲಿಗೇರಿಸಿ, ಹಳಿಯ ಗೆಣ್ಣು ಗೆಣ್ಣು ತಟ್ಟುತ್ತ
ಕಿವಿಯಲ್ಲೇ ನಡೆಯುತ್ತಿದ್ದ.
ಗಟ್ಟಿ ಇದ್ದದ್ದು ಣಂ ಅನ್ನುತ್ತದೆ, ಬಿಟ್ಟುಕೊಂಡದ್ದು ಕೆಮ್ಮುತ್ತದೆ.
ನನಗೆ ಜ್ವರ ಬಂದರೂ ಬೆನ್ನಿಗೆ ಹಾಗೇ ತಟ್ಟಿ
ಬೋಲ್ಟು ಗಟ್ಟಿ ಇದೆ, ಓಡುತ್ತಾನೆ ಅನ್ನುವನು.

ನೀರಿನ ಮಾತು ಹೇಳಬೇಕು.
ಊರ ಬಾವಿಗೆ ನಮ್ಮ ಕೊಡ ಇಳಿಯುವಂತಿರಲಿಲ್ಲ.
ಎಲ್ಲಿಯವರೋ ಏನೋ, ಅಂದರು. ಅಷ್ಟೇ. ಅದರಲ್ಲೇ ಎಲ್ಲ ಇತ್ತು.
ವಾರಕ್ಕೆರಡು ಸಲ ಗೂಡ್ಸಿನ ಬಾಲಕ್ಕೆ ಬಿಗಿದು ಟ್ಯಾಂಕರು ಬರುವುದು.
ಅದರ ತುಕ್ಕುನೀರಲ್ಲಿ ಬೆಂದ ಬೆಳ್ತಿಗೆ ಅನ್ನ ತುಸು ಕೆಂಪಗಾಗಿ
ನಾವು ಮಕ್ಕಳು ಅದನ್ನು ಕುಚ್ಚಲಕ್ಕಿ ಎಂದುಕೊಂಡೆವು,
ಊರವರಾದೆವು.

ಕೊನೆಗೆ ಭಾನುವಾರಗಳಲ್ಲಿ ಗ್ಯಾಂಗಿನವರೇ ತೋಡಿದರು.
ಗೇಟಿನ ಲಿಗೋರಿ ಪೊರ್ಬು ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿ
ಅದು ಎದ್ದು ನಿಂತಲ್ಲಿ ಇಲ್ಲೇ ಅಂದ.
ಐವತ್ತೆರಡು ಅಡಿಗೆ ಒರತೆ, ಸಕ್ಕರೆಯಂಥದ್ದು.
ಮುಂದಿನ ಪಗ್ಗು ತಿಂಗಳು
ಊರ ಬಾವಿಗಳಲ್ಲಿ ಕಪ್ಪೆಯೂ ಉಳಿಯದಾದಾಗ
ಮೊದಲು ಬಂದವಳು ತುಂಗಕ್ಕ ಶೆಡ್ತಿ,
ಕತ್ತಲಾದ ಮೇಲೆ, ಕೊಡಕ್ಕೆ ಸೆರಗು ಮುಚ್ಚಿ.
ಅಮ್ಮ ದೀಪ ಹಿಡಿಯಲಿಲ್ಲ.
ಹಗ್ಗ ಕೊಟ್ಟಳು.

ಬ್ರಾಡ್‌ಗೇಜ್ ಬಂತು. ನಮ್ಮ ತಿರುವು ಹೆಚ್ಚಾಯಿತಂತೆ.
ಹಳಿ ಎರಡು ಫರ್ಲಾಂಗು ತೆಂಕಕ್ಕೆ ಸರಿಯಿತು.
ಎರಡು ತಿಂಗಳು ಅಪ್ಪ, ಕಿತ್ತ ಹಳಿಯ ದಿಬ್ಬದ ಮೇಲೆ
ಸುತ್ತಿಗೆ ಹೊತ್ತು ಹೋಗಿ ಬಂದ.
ಸಂಬಳ ಬರುತ್ತಿತ್ತಲ್ಲ.
ಮತ್ತೆ ಆರ್ಡರು: ಒಬ್ಬರಿಗೆ ಅರಸೀಕೆರೆ, ಒಬ್ಬರಿಗೆ ಹಾವೇರಿ,
ನಮಗೆ ಚಿಕ್ಕಜಾಜೂರು.
ಲಿಗೋರಿಗೆ ಎಲ್ಲಿಯೂ ಇಲ್ಲ, ಗೇಟೇ ಇಲ್ಲವಾಗಿತ್ತು.
ಹಸಿರು ಬಾವುಟ ಮಡಚಿ ಅಂಗಿಯೊಳಗಿಟ್ಟುಕೊಂಡು
ಫರಂಗಿಪೇಟೆಯ ಬಸ್ಸು ಹತ್ತಿದ.

ಅರ್ಜಿ ಕೊಟ್ಟು ಹೊರಬಿದ್ದವನು ಮನೆಗೆ ಹೋಗದೆ ಅಲ್ಲಿಗೆ ಹೋದೆ.
ಹಂಚಿಲ್ಲ, ಬಾಗಿಲಿಲ್ಲ. ಏಳನೆಯ ಮನೆಯ ಅಡುಗೆಕೋಣೆಯಲ್ಲಿ
ಒಂದು ಅಂಬಟೆ ಮರ.
ನಾನು ಉಗಿದ ಗೊರಟಿನದೇ, ಅಂದುಕೊಂಡೆ, ಕೇಳುವವರಿಲ್ಲವಲ್ಲ.
ಬಾವಿ ಮಾತ್ರ ಗಟ್ಟಿಯಾಗಿದೆ, ಕಬ್ಬಿಣದ ಬಲೆ, ಪಂಪು,
ಪದವಿನ ಮೇಲಿನ ಹೊಸ ಲೇಔಟಿನ ನಲವತ್ತು ಮನೆಗೆ ಪೈಪು.
ಬೋರ್ಡಿನಲ್ಲಿ ದಪ್ಪ ಅಕ್ಷರ:
ಹೊರಗಿನವರು ನೀರು ಸೇದಬಾರದು.

ಬಾಗಿ ಪೈಪಿಗೆ ಬೆರಳ ಗೆಣ್ಣು ತಟ್ಟಿದೆ.
ಣಂ ಅನ್ನಲಿಲ್ಲ, ಕೆಮ್ಮಲೂ ಇಲ್ಲ.
ಒಳಗೆ ನೀರು ಓಡುತ್ತಿರುವಾಗ ಕಬ್ಬಿಣಕ್ಕೆ ಬೇರೆಯೇ ದನಿ,
ಅಪ್ಪ ಅದನ್ನು ಕಲಿಸಿರಲಿಲ್ಲ.
ಇನ್ನೊಮ್ಮೆ ತಟ್ಟಿದೆ.